ಮರಿಯವ್ವ ಕಾಯ್ದಿಟ್ಟ ಪುಟ

ಎಷ್ಟು ಬಡಿದರೂ ಮರಿಯವ್ವನ ಮನೆ ಬಾಗಿಲು ತೆರೆಯಲಿಲ್ಲ. ಇಳಕಲ್ ಸೀರೆ ನೇಯ್ದು ನೇಯ್ದು ಕಣ್ಣು ಮಂಜಾದ ಮರಿಯವ್ವ ಅಂದು ಭಾನುವಾರದ ಆರಾಧನೆಗೆ ಬಂದಿರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ನನಗೆ ಬಿಡುವಿರುತ್ತದೆ, ಬೈಬಲ್ ಓದಿ ಹೇಳುತ್ತೇನೆಂದು ಅವರಿಗೆ ಮಾತು ಕೊಟ್ಟವಳು ನಾನು. ಎರಡೇ ವಾರ ಹೋದೆ. ಆಮೇಲೆ ಆ ಹೊತ್ತಿನಲ್ಲಿ ದೇವರ ವಾಕ್ಯಗಳ ಚಿತ್ರ ಮಾಡಿ ಮೊಬೈಲಿನಲ್ಲಿ ಸ್ಟೇಟಸ್ ಹಾಕುತ್ತ, ಇದೂ ಸೇವೆಯೇ ಅಂದುಕೊಂಡಿದ್ದೆ.

ಕೊನೆಗೆ ಚಿಲಕ ಸರಿಯಿತು. ಜ್ವರದಿಂದ ಸೊರಗಿದ್ದ ಮರಿಯವ್ವ ಬೈಬಲ್ ತಂದು ಕೈಗಿಟ್ಟರು. ನಾನು ನಿಲ್ಲಿಸಿದ್ದ ಪುಟದಲ್ಲೇ ಮಗ್ಗದ ಕೆಂಪು ದಾರವಿತ್ತು.

“ಬಾಜೂ ಮನಿ ಹುಡುಗಿ ತಾನೇ ಓದ್ತೇನಿ ಅಂದ್ಳು. ಬ್ಯಾಡವ್ವಾ, ಓದಾಕಿ ಬಂದೇ ಬರ್ತಾಳ ಅಂದ್ನಿ,” ಎಂದರು.

ಈಗ ಭಾನುವಾರ ಉಂಡು ಕೂತರೆ ಸಾಕು, ಆ ತೆರೆಯದ ಬಾಗಿಲು ಕಣ್ಣಿಗೆ ಕಟ್ಟುತ್ತದೆ. ಫೋನು ಮನೆಯಲ್ಲೇ ಬಿಟ್ಟು ಹೊರಡುತ್ತೇನೆ.