ಮಂಡಿ ದುಡ್ಡು ವಾಪಸ್

ಯಲಹಂಕದ ನಮ್ಮ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತು ನಾನು ಕೇಳದ ಬೈಗುಳವಿಲ್ಲ. ಗ್ಲೌಸಿಗೆ ಜಾಸ್ತಿ ಹಾಕಿದ್ದೀರಿ, ಹತ್ತಿಗೆ ಜಾಸ್ತಿ ಹಾಕಿದ್ದೀರಿ ಎಂದು ಗಾಜು ಬಡಿಯುವವರೇ ಎಲ್ಲ. ನಾನಾಗಿ ಫೋನ್ ಮಾಡಿ ಕರೆಸಿ, ದುಡ್ಡು ವಾಪಸ್ ತಗೊಳ್ಳಿ ಎಂದರೂ ಬೇಡ ಅಂದವರು ಅಟ್ಟೂರಿನ ಆ ಅಜ್ಜಿ ಒಬ್ಬರೇ.

ಮಂಡಿಯೊಳಗೆ ಕೂರಿಸುವ ಕೃತಕ ಕೀಲಿಗೆ ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಸರ್ಕಾರ ಮಿತಿ ಹಾಕಿದೆ. ಅಜ್ಜಿಯ ಬಿಲ್ಲಿನಲ್ಲಿ ನಮ್ಮವರು ಅದನ್ನು ಮೀರಿಬಿಟ್ಟಿದ್ದರು. ಬಿಲ್ ತಿದ್ದಿ, ಹೆಚ್ಚಾದ ಹಣವನ್ನು ರೋಗಿಗೇ ಮುಟ್ಟಿಸಬೇಕು ಅನ್ನುವುದು ಕಾನೂನು. ಆ ಕೆಲಸ ನನ್ನ ತಲೆಗೆ ಬಂದಿತ್ತು.

ಅಜ್ಜಿ ವಾಕರ್ ಊರಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಂದರು. ಜೊತೆಗೆ ಮಗ, ಮನೆ ಕಟ್ಟಿಸಿ ಮಾರುವವರು.

"ಆಪರೇಷನ್ ಆಗಿ ಎರಡು ತಿಂಗಳಾಯ್ತು ಮೇಡಂ. ವಾಕರ್ ಇಲ್ದೇನೇ ನಡೀಬಹುದು ಅಂತಾರೆ ಡಾಕ್ಟ್ರು. ನಮ್ಮಮ್ಮ ಬಚ್ಚಲಿಗೆ ಹೋದ್ರೂ ಅದನ್ನ ಬಿಡಲ್ಲ. ಬಿದ್ದುಬಿಡ್ತೀನಿ ಅಂತ ಭಯ."

ನಾನು ನೋಟಿನ ಕಟ್ಟನ್ನು ಕಿಂಡಿಯಿಂದ ಮುಂದೆ ತಳ್ಳಿದೆ. ಅಜ್ಜಿ ಹಿಂದೆ ಸರಿದರು.

"ಬ್ಯಾಡ ಕಣವ್ವ. ನಾಟಿ ಔಸ್ದಿ ಕೊಡೋರ್ಗೂ ಎಲೆ ಅಡಿಕೆ ಮೇಲೆ ದುಡ್ಡು ಮಡಗ್ತೀವಿ. ಕೊಟ್ಟಿದ್ದ ತಿರ್ಗಾ ಇಸ್ಕೊಂಡ್ರೆ ಔಸ್ದಿ ನಾಟ್ತದಾ? ಕಾಲು ಮತ್ತೆ ಓಯ್ತದೆ."

"ಏನಮ್ಮ ನಿಂದು! ಯಾವ ಕಾಲದಲ್ಲಿದ್ದೀಯಾ?" ಎಂದು ಮಗ ರೇಗಿದರು.

ನನಗೂ ರೇಗಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ಆದರೆ ಅಜ್ಜಿಯ ಕಣ್ಣು ತುಂಬಿತ್ತು. ಅಯ್ಯೋ ದೇವರೇ, ಇವರಿಗೆ ಇದು ಹಟವಲ್ಲ, ಕಾಲಿನ ಪ್ರಶ್ನೆ! ಅಷ್ಟು ದುಡ್ಡನ್ನು ಒಂದು ನಂಬಿಕೆಗಾಗಿ ದೂರ ತಳ್ಳುವ ಜೀವವನ್ನು ಆ ಕೌಂಟರಿನಲ್ಲಿ ನಾನು ಕಂಡಿರಲೇ ಇಲ್ಲ. ಎದ್ದು, ದುಡ್ಡು ಹಿಡಿದು ಹೊರಗೆ ಬಂದೆ.

"ಅಜ್ಜಿ, ಕೈಗುಣ ಯಾರ್ದು?"

"ಡಾಕ್ಟ್ರಪ್ಪಂದು."

"ಅವ್ರ ಫೀಸಲ್ಲಿ ಒಂದು ರೂಪಾಯಿನೂ ನಾನು ಮುಟ್ಟಿಲ್ಲ. ಅದು ಅವ್ರ ಹತ್ರಾನೇ ಇರುತ್ತೆ. ಇದು ಒಳಗೆ ಹಾಕಿದಾರಲ್ಲ, ಆ ಲೋಹದ ದುಡ್ಡು. ಅಂಗಡಿಯಲ್ಲಿ ಜಾಸ್ತಿ ರೇಟ್ ಹಾಕಿದ್ರೆ ವಾಪಸ್ ಕೇಳಲ್ವಾ ನೀವು?"

"ಬುಡ್ತೀನಾ!" ಅಂದರು ತಕ್ಷಣ. ಆಮೇಲೆ ನನ್ನ ಕೈಯ ಕಟ್ಟನ್ನೇ ದಿಟ್ಟಿಸಿದರು. "ಡಾಕ್ಟ್ರಪ್ಪನ ದುಡ್ಡು ಸೇರಿಲ್ವಾ ಇದ್ರಾಗೆ? ನಿಜ ಏಳು."

"ನಿಜವಾಗ್ಲೂ ಇಲ್ಲ ಅಜ್ಜಿ."

"ಅಂಗಾದ್ರೆ ಕೊಡು."

ಬರುವ ದುಡ್ಡನ್ನು ಬರಿಗೈಯಲ್ಲಿ ತೆಗೆದುಕೊಳ್ಳುವವರಲ್ಲ ಅವರು. ಸೆರಗನ್ನು ಮುಂದಕ್ಕೆಳೆದು, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದರು.

ಎರಡೂ ಕೈಯಲ್ಲಿ! ಹಿಡಿದುಕೊಳ್ಳಲು ಧಾವಿಸಿದ ಮಗ ಅರ್ಧದಲ್ಲೇ ನಿಂತುಬಿಟ್ಟರು. ನೋಟಿನ ಕಟ್ಟು ನನ್ನ ಕೈಯಲ್ಲೇ ಉಳಿಯಿತು. ವಾಕರ್ ಬಿಟ್ಟದ್ದು ಅಜ್ಜಿಗೆ ಗೊತ್ತೇ ಇಲ್ಲ. ಹೊಸ ಮಂಡಿಯ ಮೇಲೆ ನೆಟ್ಟಗೆ ನಿಂತು, ಸೆರಗನ್ನು ಒಮ್ಮೆ ಕೊಡವಿ ಗದರಿದರು:

"ಏನವ್ವ ಅಂಗೆ ಬಾಯಿ ಬುಟ್ಕೊಂಡು ನೋಡ್ತೀಯಾ? ಆಕು."