ರಂಗ ಖಾತೆಯ ಮಣ್ಣು

ಮರಾಠಿ ಸೀಮೆಯ ಮಾಧವನಗರದ ನೂಲಿನ ಗಿರಣಿ ಬಂದ್ ಆಗಿ ಇಪ್ಪತ್ತು ವರ್ಷ ಕಳೆದಿದ್ದರೂ ಜಿನಪ್ಪನನ್ನು ಜನ ರಂಗ ಖಾತೆಯ ಜಿನಪ್ಪ ಎಂದೇ ಕರೆಯುತ್ತಿದ್ದರು. ನೂಲಿಗೆ ಬಣ್ಣ ಕಟ್ಟುವ ಆ ಖಾತೆಯಲ್ಲಿ ಅವನು ಇಪ್ಪತ್ತಾರು ವರ್ಷ ದುಡಿದಿದ್ದ. ಗಿರಣಿ ನಿಂತ ಮೇಲೆ ಅದೇ ಜಾಗಕ್ಕೆ ಕಾವಲುಗಾರನಾದ. ಯಂತ್ರಗಳನ್ನು ಗುಜರಿಯವರು ಒಯ್ದರು, ಮಾಡಿನ ತಗಡುಗಳು ಗಾಳಿಗೆ ಹಾರಿದವು. ಕಾಯಲು ಉಳಿದದ್ದು ಜಾಲಿಕಂಟಿ, ಒಂದು ಚಿಮಣಿ ಮತ್ತು ಗೋಡೆ.

ಗೋಡೆಯಾಚೆ ಹಳೆಯ ಕೆಲಸಗಾರರ ಚಾಳ, ಒಂದೊಂದೇ ಕೋಣೆಯ ಮನೆಗಳ ಸಾಲು. ಜಿನಪ್ಪನದೂ ಅಲ್ಲೇ ಒಂದು ಖೋಲಿ. ಗಿರಣಿಯ ಜಾಗದಲ್ಲಿ ಸರ್ಕಾರ ಪಕ್ಕಾ ಮನೆ ಕಟ್ಟಿಕೊಡುತ್ತದೆಂಬ ಮಾತು ಮೂರು ಚುನಾವಣೆ ದಾಟಿ ಬಂದಿತ್ತು. ಕೊನೆಗೊಂದು ಚಳಿಗಾಲದಲ್ಲಿ ಹಣ ನಿಜವಾಗಿ ಮಂಜೂರಾಯಿತು. ಆದರೆ ಮನೆಗಲ್ಲ. ಕಟ್ಟುವ ಮೊದಲು ಮಣ್ಣಿನಲ್ಲಿ ವಿಷವಿದೆಯೋ ಇಲ್ಲವೋ ನೋಡಬೇಕು, ಆ ತಪಾಸಣೆಗೆ ಮಾತ್ರ. ಆ ಹಣದಲ್ಲಿ ಹನ್ನೆರಡು ಕಡೆ ಮಣ್ಣು ಕೊರೆಯಬಹುದಿತ್ತು.

ಕೊರೆಯಿಸಲು ಬಂದವಳು ಸಾಯಲಿ ಎಂಬ ಮರಾಠಿ ಹುಡುಗಿ, ಮೂವತ್ತು ದಾಟದ ಇಂಜಿನಿಯರ್. ಹಳೆಯ ನಕಾಶೆಯ ಮೇಲೆ ಸಮಸಮ ಅಂತರದಲ್ಲಿ ಹನ್ನೆರಡು ಚುಕ್ಕೆ ಇಟ್ಟುಕೊಂಡು ಬಂದಿದ್ದಳು. ಜಿನಪ್ಪ ಗೇಟು ತೆಗೆದ, ನೀರು ತಂದುಕೊಟ್ಟ, ನಕಾಶೆಯನ್ನು ಇಣುಕಿ ನೋಡಿದ. ಚಿಮಣಿಯ ಹಿಂದಿನ ಗುಂಡಿ ಅದರಲ್ಲಿ ಇರಲಿಲ್ಲ. ಎಲ್ಲಿಂದ ಇದ್ದೀತು? ಬಣ್ಣದ ಹೊಂಡ ತುಂಬಿದಾಗಲೆಲ್ಲ ಅದರ ರಾಡಿಯನ್ನು ಕೈಗಾಡಿಯಲ್ಲಿ ಒಯ್ದು ಆ ಗುಂಡಿಗೆ ಸುರಿದು ಮೇಲೆ ಮಣ್ಣೆಳೆದವರು ಜಿನಪ್ಪ ಮತ್ತು ಅವನ ಜೊತೆಗಾರ ಪಾರಿಸ. ಆಳುಗಳ ಮೇಲಿನ ಮುಕಾದಮ ಹೇಳಿದ್ದ, ಅವರು ಮಾಡಿದ್ದರು. ಪಾರಿಸನ ಅಂಗೈ ಅಂಗಾಲು ಒಡೆದು, ಕೊನೆಕೊನೆಗೆ ಅವನು ತುತ್ತನ್ನೂ ತಾನಾಗಿ ಹಿಡಿಯಲಾರದೆ ತೀರಿಕೊಂಡ.

ಎರಡನೆಯ ದಿನ ಸಂಜೆ ಪಕ್ಕದ ಖೋಲಿಯ ಸರುಬಾಯಿ ಬಂದು ಹೊಸ್ತಿಲಲ್ಲಿ ಕುಳಿತಳು. ಪಾರಿಸನ ಹೆಂಡತಿ ಅವಳು.

“ಅಣ್ಣಾ, ಅವರ ನಕಾಶಿಯೊಳಗ ಆ ಕುಣಿ ಇಲ್ಲಂತ. ಇಲ್ಲದ್ದು ಇಲ್ಲದಂಗ ಇರಲಿ. ಮುಂದಿನ ಮಳಿಗಾಲಕ್ಕ ಮಾಡು ಬಿದ್ರ ಮಮ್ಮಗಳನ್ನ ಎಲ್ಲಿ ಮಲಗಸ್ಲಿ, ನೀವ ಹೇಳ್ರಿ.”

ಜಿನಪ್ಪ ಎದ್ದು ಒಲೆ ಹಚ್ಚಿದ. ಚಹಾ ಮಾಡಿಕೊಟ್ಟ. ಅವಳು ಅರ್ಧ ಕುಡಿದು ಎದ್ದು ಹೋದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕಡೆ ಕೊರೆದಾಗಿತ್ತು. ಕೊನೆಯದು ಗೇಟಿನ ಬಳಿ ಇತ್ತು. ಅಲ್ಲಿ ಏನೂ ಸಿಗದೆಂದು ಜಿನಪ್ಪನಿಗೆ ಗೊತ್ತಿತ್ತು. ಆಳುಗಳು ಯಂತ್ರ ಎತ್ತುವಾಗ ಅವನು ಸಾಯಲಿಯ ಬಳಿ ಹೋಗಿ, ಮರಾಠಿಯಲ್ಲಿ ಶುರುಮಾಡಿ, ನಡುವೆ ತಡವರಿಸಿ ಕನ್ನಡಕ್ಕೆ ಬಂದ. ಅವಳು ತಡೆಯಲಿಲ್ಲ.

“ಹೇಳ್ರಿ ಕಾಕಾ, ನನಗ ತಿಳಿತೈತಿ. ಮಾತಾಡಾಕ ಅಷ್ಟ ಸರಿ ಬರಂಗಿಲ್ಲ.”

ಅವನು ಚಿಮಣಿಯ ಹಿಂದೆ ಕರೆದೊಯ್ದು ಕಾಲಿನಿಂದ ಗೆರೆ ಎಳೆದು ತೋರಿಸಿದ. ಅವಳು ನಕಾಶೆ ಬಿಚ್ಚಿ ಗೇಟಿನ ಬಳಿಯ ಚುಕ್ಕೆಯ ಮೇಲೆ ಬೆರಳಿಟ್ಟಳು.

“ಇಲ್ಲಿ ಸಿಕ್ತಂದ್ರ ಮನಿ ಕೆಲಸ ನಿಲ್ಲತೈತಿ. ಗೊತ್ತ ಐತಲ್ಲ?”

“ಗೊತ್ತೈತ್ರಿ.”

ಹನ್ನೆರಡನೆಯದನ್ನು ಅಲ್ಲೇ ಕೊರೆದರು. ಎರಡಾಳು ಆಳದಲ್ಲಿ ಮಣ್ಣು ನೇರಳೆ ಬಣ್ಣಕ್ಕೆ ತಿರುಗಿ ಮೇಲೆ ಬಂತು. ಕೊಳೆತ ತತ್ತಿಯ ವಾಸನೆ.

ವರದಿ ಬರಲು ಐದು ತಿಂಗಳು ಹಿಡಿಯಿತು. ಸೀಸವಿದೆ, ಕ್ರೋಮಿಯಂ ಇದೆ, ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿಯಲು ಇನ್ನೊಂದು ತಪಾಸಣೆ ಬೇಕು, ಅದಕ್ಕೆ ಬೇರೆ ಹಣ ಬೇಕು. ಅರ್ಜಿ ಹೋಯಿತು, ತಿರುಗಿ ಬಂತು, ಒಂದು ಸಹಿ ಸೇರಿಸಿಕೊಂಡು ಮತ್ತೆ ಹೋಯಿತು. ಚಾಳಿನಲ್ಲಿ ಯಾರೂ ಜಿನಪ್ಪನೊಡನೆ ಜಗಳಕ್ಕೆ ಬರಲಿಲ್ಲ. ನಲ್ಲಿಯ ಹತ್ತಿರ ಅವನು ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಆ ಮಳೆಗಾಲದಲ್ಲಿ ಸರುಬಾಯಿಯ ಮಾಡು ಒಂದು ಮಗ್ಗುಲು ಕುಸಿಯಿತು. ಅವಳು ಮಗ, ಸೊಸೆ, ಮೊಮ್ಮಗಳನ್ನು ಕಟ್ಟಿಕೊಂಡು ತವರೂರು ಖಂಡೇರಾಜುರಿಗೆ ಹೋದಳು. ಟೆಂಪೋ ಹತ್ತುವಾಗ ಅವನತ್ತ ತಿರುಗಿಯೂ ನೋಡಲಿಲ್ಲ.

ಎರಡನೆಯ ಹಣ ಬಂದದ್ದು ಎರಡು ವರ್ಷದ ಮೇಲೆ. ಈ ಸಲ ನಲವತ್ತು ಕಡೆ ಕೊರೆದರು. ಮಂಡಿ ನೋವಿದ್ದರೂ ಜಿನಪ್ಪ ಕಂಟಿಯಿಂದ ಕಂಟಿಗೆ ನಡೆದು ಹೊಂಡ, ಗಟಾರ, ಬಣ್ಣದ ಡ್ರಮ್ಮು ಇಡುತ್ತಿದ್ದ ಕಟ್ಟೆ ಎಲ್ಲ ತೋರಿಸಿದ. ತೆಂಕಣ ಅರ್ಧ ಸ್ವಚ್ಛವಿದೆ, ಅಲ್ಲಿ ಮನೆ ಕಟ್ಟಬಹುದು ಎಂದಾಯಿತು. ಇನ್ನರ್ಧಕ್ಕೆ ತಂತಿಬೇಲಿ ಬಿತ್ತು. ಮನೆಯ ಯಾದಿಯಲ್ಲಿ ಸರುಬಾಯಿಯ ಹೆಸರು ಉಳಿಯಬೇಕಾದರೆ ತಿಂಗಳೊಳಗೆ ಅವಳ ಹೆಬ್ಬೆಟ್ಟು ಬೇಕೆಂದು ಸಾಯಲಿಯೇ ಫೋನು ಮಾಡಿ ಹೇಳಿದಳು.

ಜಿನಪ್ಪ ಫಾರ್ಮು ಹಿಡಿದು ಮಿರಜಿಗೆ ಹೋಗಿ ಬಸ್ಸು ಬದಲಿಸಿ ಖಂಡೇರಾಜುರಿಯಲ್ಲಿ ಇಳಿದ. ಸರುಬಾಯಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನೀರು ಕೊಟ್ಟಳು, ಕುಂದ್ರಿ ಎಂದಳು. ಫಾರ್ಮನ್ನು ತಿರುವಿ ಮುರುವಿ ನೋಡಿದಳು.

“ಯಾವಾಗ ಕಟ್ಟತಾರಂತ?”

“ಅದು ಯಾರಿಗೂ ಗೊತ್ತಿಲ್ಲವ್ವಾ.”

“ಅವತ್ತ ನೀವು ಹೇಳದಿದ್ರ ಇಷ್ಟೊತ್ತಿಗೆ ಒಳಗಿರ್ತಿದ್ವಿ.”

“ಇರ್ತಿದ್ವಿ,” ಎಂದ ಜಿನಪ್ಪ. “ಆ ಕುಣಿ ಮ್ಯಾಲ. ಪಾರಿಸನ ಕೈ ಕಂಡವ ನಾ. ಕೂಸಿನ ಕೈನೂ ಹಂಗ ನೋಡೂದು ನನ್ನಿಂದ ಆಗತಿರಲಿಲ್ಲ.”

ಸರುಬಾಯಿ ಮೊರ ಪಕ್ಕಕ್ಕೆ ಸರಿಸಿ, ಕೈ ಸೀರೆಗೆ ಒರೆಸಿಕೊಂಡು ಅವನು ತಂದಿದ್ದ ಮಸಿಗೆ ಹೆಬ್ಬೆರಳು ಚಾಚಿದಳು. ಒತ್ತಿದ ಮೇಲೆ ಒಳಗೆ ಹೋಗಿ ಅವನಿಗೊಂದು ತಾಟಿನಲ್ಲಿ ಭಕ್ರಿ, ಪಲ್ಯೆ ತಂದಿಟ್ಟಳು. ಅವನು ಉಂಡು ಮುಗಿಸುವಷ್ಟರಲ್ಲಿ ಮಿರಜಿನ ಬಸ್ಸು ಹೋಗಿತ್ತು. ಮುಂದಿನದು ಎರಡು ತಾಸಿಗೆ. ಜಿನಪ್ಪ ಫಾರ್ಮನ್ನು ಅಂಗಿಯೊಳಗೆ ಇಟ್ಟುಕೊಂಡು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ.