ಹಳೇ ಕೋರ್ಟ್‌ಹೌಸಿನಲ್ಲಿ ತಾಳಮದ್ದಳೆ

ಕೋವಿಡ್ ಮುಗಿದ ಮರುವರ್ಷದ ಮಾತು. ಮೆಲ್ಬರ್ನಿನ ಒಂದು ಕೌನ್ಸಿಲ್‌ನಲ್ಲಿ ನಾನು ಲೋಕಲ್ ಹಿಸ್ಟರಿ ಲೈಬ್ರರಿಯನ್. ರಿಟೈರ್ ಆಗಲು ಕೆಲವೇ ತಿಂಗಳು ಬಾಕಿ. ನನ್ನ ಆಫೀಸು ಹಳೇ ಕೋರ್ಟ್‌ಹೌಸಿನಲ್ಲಿತ್ತು. ಕೆಂಪು ಇಟ್ಟಿಗೆ, ಎತ್ತರದ ಕಿಟಕಿಗಳು, ಗೋಡೆಯ ಮೇಲೆ ಬಿಳಿ ಗಡ್ಡದ ಜಡ್ಜ್ ಸಾಹೇಬರ ದೊಡ್ಡ ಪೋರ್ಟ್ರೇಟ್. ಅವರ ವಂಶದವರು ಇನ್ನೂ ಅದೇ ಊರಲ್ಲಿದ್ದಾರೆ, ಹಾಗಾಗಿ ಹೆಸರು ಬೇಡ.

ಹತ್ತೊಂಬತ್ತನೇ ಶತಮಾನದ ಮನುಷ್ಯ. ಸಿಡ್ನಿಯಲ್ಲಿ ವಕೀಲಿಕೆ ಶುರು ಮಾಡಿ, ಚಿನ್ನ ಸಿಕ್ಕ ಕಾಲದಲ್ಲಿ ಇತ್ತ ಬಂದು, ಇಲ್ಲಿಯ ಅಸೆಂಬ್ಲಿಗೆ ಗೆದ್ದು ಒಂದು ಕಾನೂನು ಮಾಡಿಸಿದರು: ದನ ಪರರ ಹೊಲಕ್ಕೆ ನುಗ್ಗಿದರೆ ಅದು ದೊಡ್ಡಿಗೆ, ದಂಡ ದನದವರಿಗೆ. ಆಮೇಲೆ ಜಡ್ಜ್ ಆದರು. ಒಂದು ದಿನ ಇದೇ ಕೋಣೆಗೆ ಒಬ್ಬ ವಿಧವೆಯ ಹಸುವಿನ ಕೇಸು ಬಂತು. ಪಕ್ಕದ ಶ್ರೀಮಂತನ ಬೇಲಿ ಮುರಿದಿತ್ತು, ಹಸು ಒಳಗೆ ಹೋಗಿತ್ತು. ತೀರ್ಪು ವಿಧವೆಯ ವಿರುದ್ಧ. ಆದರೆ ಸ್ವಲ್ಪ ಸಮಯದಲ್ಲೇ ಸಾಹೇಬರು ಹುದ್ದೆ ಬಿಟ್ಟು, ಮತ್ತೆ ಎಲೆಕ್ಷನ್‌ಗೆ ನಿಂತು ಗೆದ್ದು, ತಾವೇ ಮಾಡಿದ ಆ ಕಾನೂನನ್ನು ತಿದ್ದಿಸಿದರು. ಯಾಕೆ ಅಂತ ಅವರು ಯಾರಿಗೂ ಹೇಳಿದ ಹಾಗಿಲ್ಲ.

ಮ್ಯಾನೇಜರ್ ಬ್ರೆಂಡಾ ಒಂದು ಬೆಳಿಗ್ಗೆ ಬಂದಳು. "ಗ್ಲ್ಯಾಡಿಸ್ ಡಾರ್ಲಿಂಗ್, ಇಲ್ಲಿಗೆ ಯಾರೂ ಬರಲ್ಲ. ಯೋಗ ಸ್ಟುಡಿಯೋದವರು ಕೋಣೆ ಕೇಳ್ತಿದ್ದಾರೆ. ಓಪನ್ ಡೇಗೆ ಜನ ತುಂಬಿದರೆ ಮಾತ್ರ ಉಳಿಸೋಣ." ಅವಳು ಹೇಳಿದ್ದು ಸುಳ್ಳಲ್ಲ. ಓಪನ್ ಡೇ ಅಂದರೆ ವರ್ಷಕ್ಕೊಮ್ಮೆ ಕೋಣೆಯನ್ನು ಊರವರಿಗೆಲ್ಲ ತೆರೆದಿಡುವ ದಿನ; ಹಿಂದಿನ ಸಲ ಬಂದವರಲ್ಲಿ ಅರ್ಧ ಜನ ಟಾಯ್ಲೆಟ್ ಹುಡುಕಿಕೊಂಡು ಬಂದವರು!

ಆಗ ನೆನಪಾದದ್ದು ತಾಳಮದ್ದಳೆ. ಮಂಗಳೂರಿನಲ್ಲಿ ನಮ್ಮ ಕಾನ್ವೆಂಟ್ ಬೋರ್ಡಿಂಗಿನ ಪಕ್ಕದ ಅಂಗಳದಲ್ಲಿ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಪಾತ್ರಧಾರಿಗಳು ಕೂತಲ್ಲೇ, ಬಾಯಿಪಾಠವಿಲ್ಲದೆ, ವಾದ ಹೂಡುತ್ತಾರೆ. ಸಿಸ್ಟರ್ "ಗರ್ಲ್ಸ್, ವಿಂಡೋ ಕ್ಲೋಸ್ ಮಾಡಿ" ಅನ್ನುತ್ತಿದ್ದರು. ತಾವು ಮಾತ್ರ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಆ ಮದ್ದಳೆಯ ಸದ್ದು ಈಗಲೂ ಕಿವಿಯಲ್ಲಿದೆ.

ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ಉಡುಪಿ ಕಡೆಯ ಸುಧಾಕರ ಇದ್ದ. ವಾರವಿಡೀ ಐಟಿ, ವೀಕೆಂಡ್ ತಾಳಮದ್ದಳೆಯಲ್ಲಿ ವಾದ ಹೂಡುವ ಅರ್ಥಗಾರಿಕೆ. ಹೆಂಡತಿ ವಿದ್ಯಾ ಭಾಗವತಿಕೆ ಕಲಿತವಳು, ಮದ್ದಳೆಯವರೂ ಅವಳ ಜೊತೆಗಿದ್ದರು. ವಿಧವೆಯ ಹಸುವಿನ ಕೇಸನ್ನೇ ಓಪನ್ ಡೇಗೆ ಇಂಗ್ಲಿಷ್ ತಾಳಮದ್ದಳೆ ಮಾಡೋಣ ಎಂದು ಅವನನ್ನು ಕೇಳಿದೆ.

"ಇಂಗ್ಲಿಷಿನಲ್ಲಿ ವಾದ ಮಾಡೋದಾ, ಆಂಟಿ?"

"ಆಫೀಸಲ್ಲಿ ದಿನಾ ಮಾಡ್ತೀಯಲ್ಲ?"

"ಅಲ್ಲಿ ದಿನಾ ಸೋಲ್ತೀನಿ ಆಂಟಿ."

ವಿಧವೆಯ ಪಾತ್ರ ಅವನಿಗೆ ಕೊಟ್ಟೆ. ಜಡ್ಜ್ ಆಗಿ ನನ್ನ ಗಂಡ ಫೆಲಿಕ್ಸ್. ಇಂಡಿಯಾದಲ್ಲಿ ಒಂದು ಕಾಲಕ್ಕೆ ವಕೀಲರು. "ಮನೆಯಲ್ಲಿ ಒಂದು ತೀರ್ಪು ಕೊಡೋಕೆ ಬಿಟ್ಟಿಲ್ಲ ನೀನು, ಈಗ ಜಡ್ಜ್ ಆಗು ಅಂತೀಯಾ?" ಅಂದರು. ಇಬ್ಬರಿಗೂ ನನ್ನ ಷರತ್ತು ಒಂದೇ: ಏನು ಬೇಕಾದರೂ ವಾದಿಸಿ, ನಡೆದದ್ದನ್ನು ಬದಲಿಸಬೇಡಿ. ವಿಧವೆ ಸೋಲಲೇಬೇಕು.

ಓಪನ್ ಡೇಯ ಭಾನುವಾರ ಕೋಣೆ ತುಂಬಿತು. ಕ್ಲೈಡ್ ನಾರ್ತ್‌ನಿಂದ ನಮ್ಮವರು, ಜಡ್ಜ್ ವಂಶದವರು, ಕುತೂಹಲಕ್ಕೆ ಬಂದ ಬಿಳಿಯರು. ವಿದ್ಯಾ ಕನ್ನಡದಲ್ಲಿ ಹಾಡಿದಳು, ಸುಧಾಕರ ಇಂಗ್ಲಿಷಿನಲ್ಲಿ ಶುರು ಮಾಡಿದ.

"ಮೈ ಲಾರ್ಡ್, ಬೇಲಿ ಮುರಿದಿಟ್ಟವನು ನನ್ನ ಹಸುವನ್ನು ಊಟಕ್ಕೆ ಕರೆದ ಹಾಗಾಯಿತು. ಕರೆದ ಮನೆಗೆ ಹೋದವರಿಗೆ ದಂಡವೇ?" ಜನ ನಕ್ಕರು. ಅವನು ದನಿ ತಗ್ಗಿಸಿದ. "ಈ ಕಾನೂನು ಮಾಡಿದ್ದು ನೀವೇ ಅಲ್ಲವೇ? ಆ ದಿನ ಆ ಸಭೆಯಲ್ಲಿ ನನ್ನಂಥವಳು ಒಬ್ಬಳಾದರೂ ಇದ್ದಳೇ? ನನಗೆ ವೋಟೂ ಇಲ್ಲ. ಇದು ಯಾರು ಯಾರಿಗೆ ಮಾಡಿದ ಕಾನೂನು?"

ಫೆಲಿಕ್ಸ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಹೀಗೆ ಪಾತ್ರಧಾರಿ ವಾದದಲ್ಲಿ ಸಿಕ್ಕಿಬಿದ್ದಾಗ ಭಾಗವತರು ಮುಂದಿನ ಪದ್ಯ ಎತ್ತಿ ಕಾಪಾಡುವುದು ರೂಢಿ. ವಿದ್ಯಾ ಎತ್ತಿದಳು. ಆ ರೂಢಿ ತಿಳಿಯದ ಬ್ರೆಂಡಾ ಎದ್ದು ನಿಂತು ಕೂಗಿದಳು: "ಆ ವಿಧವೆಗೆ ಮಾತು ಮುಗಿಸೋಕೆ ಬಿಡಿ!" ಸಭೆಯೆಲ್ಲ ಚಪ್ಪಾಳೆ. ವಿದ್ಯಾ ಹಾಡು ನಿಲ್ಲಿಸಿ, "ಮನೆಯಲ್ಲಾದ್ರೆ ಇವರು ಇಷ್ಟಕ್ಕೇ ಸುಮ್ಮನಾಗ್ತಿದ್ರು ಆಂಟಿ" ಎಂದು ಪಿಸುಗುಟ್ಟಿದಳು.

ಜನರ ಮನಸ್ಸೆಲ್ಲ ವಿಧವೆಯ ಕಡೆ. ಫೆಲಿಕ್ಸ್ ಅವಳನ್ನು ಗೆಲ್ಲಿಸಿಬಿಟ್ಟರೆ, ಸ್ವಂತ ಕೋರ್ಟ್‌ಹೌಸಿನಲ್ಲೇ ಸುಳ್ಳು ಇತಿಹಾಸ ಹೇಳಿದ ಲೈಬ್ರರಿಯನ್ ನಾನಾಗುತ್ತೇನೆ. ಅಂಥ ಕೋಣೆಯನ್ನು ಯಾಕೆ ಉಳಿಸಬೇಕು? ಅವರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಬೇಡ.

"ಮೇಡಂ," ಅಂದರು ಫೆಲಿಕ್ಸ್, ನಿಧಾನವಾಗಿ. "ವಾದದಲ್ಲಿ ನೀವು ಗೆದ್ದಿರಿ. ತೀರ್ಪು ಮಾತ್ರ ನಿಮ್ಮ ವಿರುದ್ಧವೇ. ಈ ಕುರ್ಚಿಯಲ್ಲಿ ಕೂತು ಕಾನೂನನ್ನು ಓದಬಹುದು, ತಿದ್ದಲಾಗದು."

ತಾಳಮದ್ದಳೆಯಲ್ಲಿ ಪಾತ್ರಧಾರಿ ಏಳುವ ಪದ್ಧತಿಯೇ ಇಲ್ಲ. ಫೆಲಿಕ್ಸ್ ಎದ್ದರು.

"ಅದಕ್ಕೇ ಕುರ್ಚಿ ಬಿಡುತ್ತಿದ್ದೇನೆ. ತಿದ್ದುವ ಜಾಗಕ್ಕೆ ಹೋಗುತ್ತೇನೆ."

ಆಮೇಲೆ ಸುಧಾಕರನೂ ಎದ್ದು ಕೈಮುಗಿದ. ವಂಶದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡು ನಗುತ್ತಿದ್ದರು. ವಿದ್ಯಾ ಮಂಗಳ ಹಾಡುವಾಗ ಬ್ರೆಂಡಾ ತಪ್ಪು ತಾಳದಲ್ಲೇ ಚಪ್ಪಾಳೆ ತಟ್ಟುತ್ತಿದ್ದಳು. ಕೋಣೆ ಉಳಿಯಿತು, ಯೋಗದವರಿಗೆ ಸ್ವಿಮ್ಮಿಂಗ್ ಪೂಲ್ ಪಕ್ಕದ ಹಾಲ್ ಸಿಕ್ಕಿತು.

ಈಗ ನಾವು ಸಿಡ್ನಿಯ ಲಿವರ್‌ಪೂಲ್‌ನಲ್ಲಿದ್ದೇವೆ. ಓಪನ್ ಡೇ ಬಂದರೆ ಸುಧಾಕರ ವಿಡಿಯೋ ಕಾಲ್ ಮಾಡಿ ಪೋರ್ಟ್ರೇಟ್ ತೋರಿಸುತ್ತಾನೆ, "ಅಂಕಲ್, ನಿಮ್ಮ ಫೋಟೋ ಇನ್ನೂ ಇದೆ!" ಎಂದು. ಸಾಹೇಬರು ಫೆಲಿಕ್ಸ್ ಹೇಳಿದ ಕಾರಣಕ್ಕೇ ಹುದ್ದೆ ಬಿಟ್ಟರು ಎಂದು ನಾನು ಪ್ರಮಾಣ ಮಾಡಲಾರೆ. ಏನು ನಡೆಯಿತು ಎಂದು ಕೇಳಿದವರಿಗೆಲ್ಲ ನನ್ನ ಕಪಾಟುಗಳಿಂದ ದಾಖಲೆ ತೆಗೆದುಕೊಟ್ಟೆ. ಯಾಕೆ ನಡೆಯಿತು ಎಂದು ಊಹಿಸಬೇಕಾದರೆ ಮಾತ್ರ ಯಾರಾದರೂ ಹೋಗಿ ಆ ಕುರ್ಚಿಯಲ್ಲಿ ಕೂತು, ಒಬ್ಬ ವಿಧವೆಯ ಮುಂದೆ ಉತ್ತರ ಸಿಗದೆ ಬೆವರಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಅದನ್ನು. ಅದೂ ರಿಟೈರ್ ಆಗುವ ಹೊತ್ತಿಗೆ.